ಕೆಂಪು ಔಷಧ ಬೇಡಿದ ತಂದೆ

ಕೋವಿಡ್ ಗಲಾಟೆ ಮುಗಿದ ಮರುವರ್ಷ ನಾನು ದಾಂಡೇಲಿಯ ಒಂದು ಸಣ್ಣ ಆಸ್ಪತ್ರೆಗೆ ಮಕ್ಕಳ ವೈದ್ಯನಾಗಿ ಸೇರಿದೆ. ಗಡ್ಡ ಬಿಟ್ಟರೂ ಜನ ಕಾಂಪೌಂಡರ್ ಎಂದೇ ತಿಳಿಯುತ್ತಿದ್ದರು. ಸೂಜಿ ಚುಚ್ಚುವಾಗ ಮಂಗಟ್ಟೆ ಹಕ್ಕಿಯ ಹಾಗೆ ಕೂಗಿ ಮಕ್ಕಳನ್ನು ನಗಿಸುವುದು ನನ್ನ ಮುಖ್ಯ ವಿದ್ಯೆ, ಎಂ.ಡಿ. ಅದರ ನಂತರದ್ದು.

ಆ ವರ್ಷ ರಕ್ತದ ಕ್ಯಾನ್ಸರ್ ಆದ ಇಬ್ಬರು ಮಕ್ಕಳು ನನ್ನಲ್ಲಿಗೆ ಬರುತ್ತಿದ್ದರು. ಕೀಮೋಥೆರಪಿ ಹುಬ್ಬಳ್ಳಿಯಲ್ಲಿ, ನಡುವಿನ ರಕ್ತಪರೀಕ್ಷೆ, ಜ್ವರದ ಕಾವಲು ನನ್ನದು. ನಾಲ್ಕು ವರ್ಷದ ಶ್ರಾವಣಿ ಪೇಪರ್ ಮಿಲ್ ಕಾರ್ಮಿಕ ಈರಣ್ಣನವರ ಮಗಳು. ಹನ್ನೊಂದರ ಜುಜೆ ಹಳಿಯಾಳ ಕಡೆಯ ಸಿದ್ದಿ ಹುಡುಗ. ತಾಯಿ ಮೇರಿ ಕಬ್ಬಿನ ಹೊಲದಲ್ಲಿ ಕೂಲಿ. ಇಬ್ಬರದೂ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಆದರೆ ಜುಜೆಯ ವಯಸ್ಸು ಹೆಚ್ಚು, ಬಿಳಿ ರಕ್ತಕಣಗಳು ಲಕ್ಷ ದಾಟಿದ್ದವು. ಹಾಗಾಗಿ ಅವನು ‘ಹೈ ರಿಸ್ಕ್’. ಉಳಿದ ಔಷಧಗಳ ಜೊತೆ ಡೌನೋರುಬಿಸಿನ್ ಎಂಬ ಕೆಂಪು ಔಷಧವೂ ಅವನಿಗಿತ್ತು. ಶ್ರಾವಣಿ ‘ಸ್ಟ್ಯಾಂಡರ್ಡ್ ರಿಸ್ಕ್’. ಹೃದಯಕ್ಕೆ ಪೆಟ್ಟು ಕೊಡಬಲ್ಲ ಆ ಔಷಧ ಅವಳಿಗೆ ಬೇಡವೆಂದು ಹುಬ್ಬಳ್ಳಿಯ ಕ್ಯಾನ್ಸರ್ ತಜ್ಞೆ ಮೇಡಂ ತೀರ್ಮಾನಿಸಿದ್ದರು.

ನಮ್ಮ ಹೊರಗಿನ ಬೆಂಚಿನಲ್ಲಿ ಕೂತವರು ಔಷಧವನ್ನು ಬಣ್ಣದ ಮೇಲೆ ಅಳೆಯುತ್ತಾರೆ. ಕೆಂಪು ಎಂದರೆ ಜೋರು, ನೀರಿನಂಥದ್ದು ಎಂದರೆ ಕಾಟಾಚಾರ. ಒಂದು ದಿನ ಈರಣ್ಣ ಒಳಗೆ ಬಂದವರು ಕೂರಲೇ ಇಲ್ಲ.

“ಜಡ್ಡು ಒಂದ ಐತಿ, ಔಷಧ ಯಾಕ ಬ್ಯಾರೆ? ನನ್ನ ಮಗಳಿಗೂ ಕೆಂಪು ಹಾಕಸ್ರಿ. ಇಲ್ಲಾಂದ್ರ ಬ್ಯಾರೆ ಕಡೆ ಕರ್ಕೊಂಡು ಹೋಗ್ತೇನಿ.”

ಮೊದಲ ತಿಂಗಳಲ್ಲಿ ಚಿಕಿತ್ಸೆ ತುಂಡಾದರೆ ರೋಗ ಮತ್ತೆ ತಲೆ ಎತ್ತುತ್ತದೆ. ನಾನು ಮೇಡಂ ಅವರ ದನಿ ಎರವಲು ತಂದು, ಇಲ್ಲದ ಕನ್ನಡಕವನ್ನೂ ಮೇಲೇರಿಸಿ ವಿವರಿಸಿದೆ. ಊರೆಲ್ಲ ನಗುವ ಆ ಅಣಕಕ್ಕೆ ಈರಣ್ಣನವರ ಮೀಸೆ ಕದಲಲಿಲ್ಲ. ಉತ್ತರ ಬಂದದ್ದು ಬಾಗಿಲಲ್ಲಿ ನಿಂತಿದ್ದ ಮೇರಿಯಿಂದ.

“ಅಣ್ಣಾರ, ಕೆಂಪು ಹಾಕಿದ ಮ್ಯಾಲ ನನ್ನ ಮಗನ ಬಾಯಿ ತುಂಬ ಹುಣ್ಣು, ನೀರೂ ಇಳೀವಲ್ದು. ಅವಗ ಬೇಕಾಗೇತಿ, ಹಾಕಸ್ತೇನಿ. ನಿಮ್ಮ ಕೂಸಿಗೆ ಬ್ಯಾಡ ಅಂದ್ರ ಯಾಕ ಬೇಡ್ತೀರಿ?”

ಈರಣ್ಣ ಹೊರಗೆ ಹೋಗಿ ಜುಜೆಯ ಬಾಯಿ ನೋಡಿ ಬಂದರು. ತಿಂಗಳು ತುಂಬುವವರೆಗೆ ಕಾಯಲು ಒಪ್ಪಿದರು.

ತಿಂಗಳು ತುಂಬಿದಾಗ ಎಂ.ಆರ್.ಡಿ. ಪರೀಕ್ಷೆ. ಮೈಕ್ರೋಸ್ಕೋಪಿಗೂ ಸಿಗದ ಕ್ಯಾನ್ಸರ್ ಕಣಗಳು ಮೂಳೆಮಜ್ಜೆಯಲ್ಲಿ ಉಳಿದಿದ್ದರೆ ಅದು ಹಿಡಿಯುತ್ತದೆ. ಜುಜೆಯದು ಸ್ವಚ್ಛವಾಗಿತ್ತು. ಶ್ರಾವಣಿಯದು ಆಗಿರಲಿಲ್ಲ. ಇನ್ನು ಅವಳಿಗೂ ಜೋರು ಚಿಕಿತ್ಸೆ, ಕೆಂಪು ಔಷಧವೂ ಸೇರಿ.

ಈರಣ್ಣ ನನ್ನ ಮೇಲೆ ಎಗರುತ್ತಾರೆಂದು ಮೇಜನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡೇ ವಿಷಯ ಹೇಳಿದೆ. ಅವರು ಮೆಲ್ಲಗೆ, “ಬ್ಯಾಡ್ರಿ ಸರ, ಅದೊಂದು ಬ್ಯಾಡ” ಎಂದರು. ಆಮೇಲೆ, “ಅವತ್ತ ಹಾಕಿದ್ರ ಹಿಂಗ ಆಗ್ತಿದ್ದಿಲ್ಲೇನ್ರಿ?”

ಈ ಸಲ ಯಾರ ದನಿಯನ್ನೂ ಎರವಲು ತರದೆ ನನ್ನದೇ ದನಿಯಲ್ಲಿ ಹೇಳಿದೆ.

“ಗೊತ್ತಿಲ್ರಿ. ಆಕಿಯಂಥಾ ಭಾಳ ಮಕ್ಕಳಿಗೆ ಅದು ಬೇಕಾಗೂದಿಲ್ಲ. ಅವತ್ತ ನಾವು ಅಂದಾಜ ಮಾಡಿದ್ವಿ. ಇವತ್ತ ಆಕಿ ಮೈನ ಹೇಳೇತಿ, ಬೇಕು ಅಂತ.”

ಈರಣ್ಣ ಮುಖ ಒರೆಸಿಕೊಂಡು, ಹುಬ್ಬಳ್ಳಿಗೆ ಯಾವಾಗ ಹೋಗಬೇಕೆಂದು ಕೇಳಿದರು. ಶ್ರಾವಣಿಗೂ ಬಾಯಿಹುಣ್ಣು ಬಂತು, ಜ್ವರ ಬಂತು, ಎರಡನ್ನೂ ದಾಟಿದಳು. ಮುಂದಿನ ಪರೀಕ್ಷೆಯಲ್ಲಿ ಮಜ್ಜೆ ಸ್ವಚ್ಛ. ಈಗ ಶಾಲೆಗೆ ಹೋಗುತ್ತಾಳೆ.

ಈಗ ನಾನು ಮೊದಲ ದಿನವೇ ಹೇಳಿಬಿಡುತ್ತೇನೆ: ಇಷ್ಟು ಔಷಧ ಸಾಕು ಎಂದುಕೊಂಡಿದ್ದೇವೆ, ಸಾಲದಿದ್ದರೆ ತಿಂಗಳಿಗೆ ಗೊತ್ತಾಗುತ್ತದೆ, ಆಗ ಬದಲಿಸುತ್ತೇವೆ. ತಂದೆತಾಯಿಯರು ಇದನ್ನು ತಡೆದುಕೊಳ್ಳುತ್ತಾರೆ. ತಡೆದುಕೊಳ್ಳಲು ಕಷ್ಟಪಡುವವರು ನಾವು ವೈದ್ಯರು, ಎಲ್ಲ ಗೊತ್ತಿರುವ ಮುಖ ಹೊತ್ತು ರೂಢಿಯಾದವರು.