ಓಟದ ಬಾವುಟಕ್ಕೊಂದು ಅರಿಶಿನದ ಅಂಚು

ಒಗೆದ ಟವೆಲನ್ನು ಮಡಿಸುವಾಗ ಅದರ ಅಂಚು ಒಳಗೆ ಸೇರಬೇಕೇ, ಹೊರಗೆ ಕಾಣಬೇಕೇ ಎಂಬುದು ವಿದ್ವಾಂಸರು ಇದುವರೆಗೆ ಕೈಹಾಕದ ಪ್ರಶ್ನೆ. ನಾನು ಒಳಗೆ ಸೇರಿಸುವ ಪಂಥದವನು. ‘ಅಂಚೇ ಕಾಣ್ದಿದ್ಮೇಲೆ ಯಾವ ಟವೆಲ್ಲು ಯಾರ್ದು ಅಂತ ಹೆಂಗ್ರೀ ಗೊತ್ತಾಗೋದು?’ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಉತ್ತರ ನನ್ನಲ್ಲಿ ಇಲ್ಲದಿಲ್ಲ. ಆದರೆ ಅದನ್ನು ಹೇಳಲು ಒಂದು ಮೋಟಾರು ಪಂದ್ಯದವರೆಗೆ ಹೋಗಿಬರಬೇಕಾಗುತ್ತದೆ. ಓದುಗರಿಗೆ ಪುರುಸೊತ್ತಿದ್ದರೆ ಜೊತೆಯಲ್ಲಿ ಬರಬಹುದು.

ಆಗ ನಾನು ದೊಡ್ಡಬಳ್ಳಾಪುರದ ಪ್ರೌಢಶಾಲೆಯೊಂದರಲ್ಲಿ ಹೊಸದಾಗಿ ಮೇಷ್ಟ್ರಾಗಿದ್ದೆ. ನಮ್ಮ ನೇಕಾರರ ಬೀದಿಯಲ್ಲಿ ಪದವಿ ಪಡೆದವರ ಪೈಕಿ ಮೊದಲಿಗ. ಆ ಪದವಿ ಎಲ್ಲಿ ದಾರಿಯಲ್ಲಿ ಉದುರಿಹೋಗುವುದೋ ಎಂಬ ಭಯದಿಂದ, ಅಂಗಡಿಯಲ್ಲಿ ಬೆಲ್ಲ ಕೇಳುವಾಗಲೂ ವ್ಯಾಕರಣಶುದ್ಧವಾಗಿಯೇ ಕೇಳುತ್ತಿದ್ದೆ. ಈಗ್ಗೆ ಐದು ವರ್ಷದ ಹಿಂದೆ, ಎಪ್ಪತ್ತರ ದಶಕದ ಆರಂಭದಲ್ಲಿ, ದೇಶದೇಶಗಳಲ್ಲಿ ಸರದಿಯ ಮೇಲೆ ನಡೆಯುವ ಒಂಟಿ ಆಸನದ ಕಾರುಗಳ ಪಂದ್ಯಾವಳಿಯ ಭಾರತದ ಸುತ್ತು ನಮ್ಮ ಸೀಮೆಗೆ ಬಂತು. ದೇವನಹಳ್ಳಿಯ ಆಚೆ, ಯುದ್ಧಕಾಲದಲ್ಲಿ ವಿಮಾನಗಳಿಗೆಂದು ಹಾಸಿ ಅನಂತರ ಎಲ್ಲರೂ ಮರೆತಿದ್ದ ಸಿಮೆಂಟಿನ ಹಾದಿಯೊಂದಿತ್ತು. ರೈತರು ಅದರ ಮೇಲೆ ರಾಗಿ ತೆನೆ ಬಡಿಯುತ್ತಿದ್ದರು. ರಾಗಿಯನ್ನು ಗುಡಿಸಿ ಅಲ್ಲಿಯೇ ಓಟದ ಪಥವನ್ನು ಗುರುತಿಸಿದರು.

ಸ್ವಯಂಸೇವಕರಾಗಿ ಬಂದ ಹಳ್ಳಿಗರಿಗೆ ಇಂಗ್ಲಿಷ್ ನಿಯಮಾವಳಿಯನ್ನು ಕನ್ನಡಿಸಿ ಬೋಧಿಸುವ ಹೊಣೆ ನನ್ನದಾಯಿತು. ‘ಪೀತವರ್ಣದ ಪತಾಕೆಯು ಅಪಾಯಸೂಚಕ, ತತ್‌ಕ್ಷಣ ವೇಗವನ್ನು ತಗ್ಗಿಸತಕ್ಕದ್ದು’ ಎಂದು ನಾನು ಗಂಭೀರವಾಗಿ ಓದಿದೆ. ನಲ್ಲೂರಿನ ರೈತನೊಬ್ಬ ಎದ್ದು, ‘ಹಳದಿ ಕಂಡ್ರೆ ನಿಧಾನ ಮಾಡ್ಬೇಕು ಅಂತಾನಾ ಮೇಷ್ಟ್ರೇ?’ ಎಂದು ನನ್ನ ಪಾಂಡಿತ್ಯವನ್ನೆಲ್ಲ ಒಂದೇ ಉಸಿರಿನಲ್ಲಿ ಮುಗಿಸಿದ.

ಪಂದ್ಯಕ್ಕೆ ಇನ್ನೊಂದು ವಾರವಿದ್ದಾಗ, ಗೆಲುವಿನ ಗೆರೆಯಲ್ಲಿ ಬೀಸುವ ಕಪ್ಪು-ಬಿಳಿ ಚೌಕಳಿಯ ಬಾವುಟವನ್ನು ಯಾರೋ ಅತ್ಯುತ್ಸಾಹದಿಂದ ಒಗೆದರು; ಕಪ್ಪು ಬಿಳಿಗೆ ಹರಿದು, ಅದು ಬೂದಿಬಣ್ಣದ ನೆಲ ಒರೆಸುವ ಬಟ್ಟೆಯಾಗಿ ಹೊರಬಂದಿತು. ವ್ಯವಸ್ಥಾಪಕರಾಗಿದ್ದ ನಿವೃತ್ತ ಮೇಜರರು ಕಂಗಾಲಾದರು. ‘ನಮ್ಮ ಮನೆಯಲ್ಲಿ ಮಗ್ಗಗಳಿವೆ ಸರ್, ನಿಯಮಕ್ಕೆ ಕೂದಲೆಳೆಯೂ ತಪ್ಪದಂತೆ ಮಾಡಿಸಿ ತರುತ್ತೇನೆ’ ಎಂದುಬಿಟ್ಟೆ. ಮೆಚ್ಚಿದ ಮೇಜರರು ಅದನ್ನು ಬೀಸುವ ಗೌರವವನ್ನೂ ನನಗೇ ದಯಪಾಲಿಸಿದರು.

ಅಪ್ಪ ಕಪ್ಪು, ಬಿಳಿ ಬಟ್ಟೆಗಳನ್ನು ಬೇರೆಬೇರೆಯಾಗಿ ನೇಯ್ದರು. ಅಮ್ಮ ಚೌಕಗಳನ್ನು ಕತ್ತರಿಸಿ ಹೊಲಿದಳು. ಪಂದ್ಯದ ಬೆಳಿಗ್ಗೆ ಕಾಗದದಲ್ಲಿ ಸುತ್ತಿದ ಗಂಟನ್ನು ಕೈಗಿಡುತ್ತಾ ಅಪ್ಪ ಹೇಳಿದರು: ‘ಸೀರೆಗಿಂತ ಜಾಸ್ತಿ ನಿಗಾ ಇಟ್ಟು ಮಾಡಿದೀನಿ ಕಣಪ್ಪಾ. ಜನ ನಿಲ್ಲೋ ಹಗ್ಗದಾಚೆ ನಿಂತ್ಕೊಂಡು ನಾನೂ ನೋಡ್ತೀನಿ.’

ಗಂಟನ್ನು ನಾನು ಬಿಚ್ಚಿ ಬಾವುಟವನ್ನು ಕೋಲಿಗೆ ಕಟ್ಟಿದ್ದು ಗೆರೆಯ ಬಳಿ ನಿಂತ ಮೇಲೆ. ಬಾವುಟದ ಹಾರುವ ತುದಿಯುದ್ದಕ್ಕೂ ನಾಲ್ಕು ಬೆರಳಗಲ ಝಗಝಗಿಸುವ ಅರಿಶಿನದ ಅಂಚು! ನಮ್ಮ ಬೀದಿಯ ಮಗ್ಗದಿಂದ ಬರೀ ಕಪ್ಪು ಇಳಿಯುವುದಿಲ್ಲ. ಅಶುಭವೆಂದು ಅರಿಶಿನದಲ್ಲಿ ಅದ್ದಿದ ನೂಲಿನ ಅಂಚೊಂದನ್ನು ಕೂಡಿಸಿಯೇ ನೇಯುತ್ತಾರೆ. ಚೌಕ ಕತ್ತರಿಸಿದ ಮೇಲೆ ಉಳಿದ ಆ ಅಂಚನ್ನು ಎಸೆಯಲಾರದೆ ಬಾವುಟಕ್ಕೇ ಸೇರಿಸಿದ್ದರು. ಈ ಪದ್ಧತಿಯಲ್ಲೇ ಹುಟ್ಟಿ ಬೆಳೆದ ನಾನು ಅದನ್ನು ಮರೆತಿದ್ದೆ. ಅಷ್ಟರಲ್ಲಿ ಎಂಜಿನ್ನುಗಳು ಮೊರೆಯತೊಡಗಿದ್ದವು.

ಅಪಾರ ವೇಗದಲ್ಲಿ ಬರುವವನೊಬ್ಬ ಗೆರೆಯ ಹತ್ತಿರ ಹಳದಿ ಕಂಡು ಬ್ರೇಕು ಒತ್ತಿದರೆ, ಹಿಂದಿನ ಕಾರು ಅವನ ಮೇಲೇರುತ್ತದೆ. ಮೇಜರರಿಗೆ ಹೇಳೋಣವೆಂದರೆ ನನ್ನ ಕೂದಲೆಳೆಯ ಮಾತು ಅಡ್ಡಬಂತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಕತ್ತರಿಯಿತ್ತು. ನಲವತ್ತು ಹೆಜ್ಜೆಯಾಚೆ, ನೆರೆಯವರಿಬ್ಬರನ್ನು ಕರೆತಂದು ನನ್ನತ್ತ ಬೆರಳು ತೋರಿಸುತ್ತಿದ್ದ ಅಪ್ಪನೂ ಇದ್ದರು. ನಾನು ಬೆನ್ನು ತಿರುಗಿಸಿ, ಬಾವುಟವನ್ನು ಕೋಲಿನಿಂದ ಬಿಚ್ಚಿ, ಹಿಂದುಮುಂದಾಗಿಸಿ, ಅಂಚನ್ನು ಕೋಲಿಗೇ ಸುತ್ತಿ ಅಂಗೈಯಲ್ಲಿ ಅದುಮಿ ಹಿಡಿದೆ.

ಇಪ್ಪತ್ತು ಸುತ್ತುಗಳ ಪಂದ್ಯವನ್ನು ಜನ ನೋಡಿದರು. ನಾನು ನನ್ನ ಮುಷ್ಟಿಯನ್ನು ನೋಡಿದೆ. ಬೆರಳು ಮರಗಟ್ಟಿದವು, ಅಂಗೈ ಬೆವೆತು ಜಾರತೊಡಗಿತು. ಕೊನೆಯ ಸುತ್ತಿನಲ್ಲಿ ಎರಡು ಕಾರುಗಳು ಒಂದನ್ನೊಂದು ಉಜ್ಜುವಂತೆ ತಿರುವಿನಿಂದ ಹೊರಬಂದವು. ಕೋಲೆತ್ತಿದೆ, ಗಾಳಿ ಎಳೆಯಿತು, ಬೆರಳ ಸಂದಿಯಿಂದ ಒಂದಿಷ್ಟು ಹಳದಿ ನುಸುಳಿತು. ಎರಡೂ ಕೈಯಿಂದ ಅದನ್ನು ಅವಚಿ, ಕಣ್ಣುಮುಚ್ಚಿ ಬೀಸಿದೆ. ಕಣ್ಣು ತೆರೆದಾಗ ಎರಡೂ ಕಾರುಗಳು ದಾಟಿಹೋಗಿದ್ದವು. ಯಾರೂ ನಿಧಾನಿಸಿರಲಿಲ್ಲ. ‘ಶಭಾಷ್ ಮೇಷ್ಟ್ರೇ!’ ಎಂದರು ಮೇಜರರು. ಗೆದ್ದವರು ಯಾರೆಂಬುದನ್ನು ನಾನು ಇನ್ನೊಬ್ಬರನ್ನು ಕೇಳಿ ತಿಳಿದೆ.

ಬಸ್ಸಿಗೆ ಕಾಯುವಾಗ ಅಪ್ಪ ಕೇಳಿದರು: ‘ಅಂಚು ಕಾಣಲೇ ಇಲ್ವಲ್ಲಪ್ಪಾ?’

‘ಗಾಳಿಯು ಬಹಳ ಜೋರಾಗಿತ್ತು’ ಎಂದೆ, ಶುದ್ಧ ಕನ್ನಡದಲ್ಲಿ.

‘ಹರಿದೋಯ್ತೇನೋ, ಕೊಡು ನೋಡನ’ ಎಂದು ಅವರು ಕೈಚಾಚಿದರು. ಕೊಡಲು ಚಾಚಿದ ನನ್ನ ಅಂಗೈ ಹಳದಿಯಾಗಿತ್ತು. ‘ಏನ್ ಮೇಷ್ಟ್ರೇ, ಬಂದಿದ್ದು ರೇಸಿಗೋ ಅರಿಶಿನದ ಶಾಸ್ತ್ರಕ್ಕೋ?’ ಎಂದು ನೆರೆಯವನು ನಕ್ಕ. ಅಪ್ಪ ನಗಲಿಲ್ಲ. ಹರಿಯದೆ, ಸುಕ್ಕುಗಟ್ಟಿದ್ದ ಅಂಚನ್ನು ಹೆಬ್ಬೆರಳಿನಿಂದ ನೇವರಿಸಿ ಹೇಳಿದರು: ‘ಬಣ್ಣ ಸರಿಯಾಗಿ ಕೂತಿಲ್ಲ. ಇನ್ನೊಂದ್ಸಲ ಅದ್ದಬೇಕಾಗಿತ್ತು ನಾನು.’

ಅಂದು ನಾನು ಪಾಲಿಸಿದ ನಿಯಮ ಸರಿಯಾಗಿಯೇ ಇತ್ತೆಂದು ಈಗಲೂ ವಾದಿಸಬಲ್ಲೆ. ಆದರೆ ಊರೂರಿನವರಿಗೆಲ್ಲ ನಿಯಮಾವಳಿಯನ್ನೇ ಕನ್ನಡಿಸಿದವನಿಗೆ ಅಪ್ಪನಿಗಾಗಿ ಒಂದು ವಾಕ್ಯವನ್ನು ಕನ್ನಡಿಸಲಾಗಲಿಲ್ಲ. ಆ ವಾಕ್ಯವನ್ನು ಐದು ವರ್ಷಗಳಿಂದ ತಿದ್ದುತ್ತಲೇ ಇದ್ದೆ.

ಮೊನ್ನೆ ಅಪ್ಪ ಮನೆಗೆ ಬಂದಿದ್ದರು. ಮುಖ ತೊಳೆದವರಿಗೆ ಟವೆಲು ಕೊಡುತ್ತಾ, ತಿದ್ದದೆ ಹೇಳಿಬಿಟ್ಟೆ: ‘ಅಪ್ಪಾ, ಹಳದಿ ಕಂಡ್ರೆ ನಿಧಾನ ಮಾಡ್ಬಿಡ್ತಾರೆ. ಅದಕ್ಕೇ ಅವತ್ತು ಅಂಚು ಬಚ್ಚಿಟ್ಟಿದ್ದು.’

ಅಪ್ಪ ಮುಖ ಒರೆಸುತ್ತಲೇ ಇದ್ದರು. ‘ಗೊತ್ತಪ್ಪಾ. ಹಗ್ಗ ಹಿಡ್ಕೊಂಡು ನಿಂತಿದ್ನಲ್ಲ ನಲ್ಲೂರಿನೋನು, ಅವನು ಅವತ್ತೇ ಹೇಳ್ದ. ನಿನ್ ಬಾಯಲ್ಲಿ ಬರ್ಲಿ ಅಂತ ಕಾಯ್ತಿದ್ದೆ.’

ಆಮೇಲೆ ಟವೆಲನ್ನು ತಾವೇ ಮಡಿಸಿ ಗೂಟದ ಮೇಲೆ ಹಾಕಿದರು. ಅಂಚು ಹೊರಗಿದೆ, ನಾನದನ್ನು ಮುಟ್ಟಿಲ್ಲ.