ತಡಿಲೇ, ಇನ್ನಾ ಎದ್ದಿಲ್ಲ

ಸತ್ತವರು ಮಾತಾಡುತ್ತಾರೆ ಎಂದವರನ್ನು ನಾನು ಮುಖಕ್ಕೇ ಬೈದಿದ್ದೇನೆ. ಈಗ ಬೈಯುವುದಿಲ್ಲ. ನಂಬಿದ್ದೇನೆ ಎಂದೂ ಹೇಳುವುದಿಲ್ಲ. ನಡೆದದ್ದಷ್ಟು ಹೇಳುತ್ತೇನೆ.

ನಾನು ಓದಿದ್ದು ಒಂಬತ್ತನೇ ತರಗತಿ. ಕಂಪ್ಯೂಟರ್ ಕಲಿಸಿದವನು ಲಿಂಗಸುಗೂರಿನ ಗೆಳೆಯ ಅಮರೇಶ. ಸಿಂಧನೂರಿನ ಒಂದು ಕೋಣೆಯಲ್ಲಿ ಇಬ್ಬರೂ ಸೇರಿ ಆ್ಯಪ್ ನಡೆಸುತ್ತಿದ್ದೆವು. ಕಾಲುವೆ ನೀರು ಯಾರ ಹೊಲಕ್ಕೆ ಯಾವಾಗ ಬರುತ್ತದೆ ಎಂದು ಅದು ರೈತರ ಫೋನಿಗೆ ತಿಳಿಸುತ್ತಿತ್ತು. ಆ್ಯಪ್ ಇದ್ದದ್ದು ಕ್ಲೌಡ್ ಸರ್ವರ್ ಮೇಲೆ, ಅಂದರೆ ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ಕಂಪ್ಯೂಟರಿನ ಮೇಲೆ. ಸರ್ವರ್ ಕೆಟ್ಟರೆ ರಿಪೇರಿ ಇಲ್ಲ, ಅಳಿಸಿ ಹೊಸದನ್ನು ಎಬ್ಬಿಸುವುದು. ಎದ್ದ ತಕ್ಷಣ ಅದು ಏನು ಮಾಡಬೇಕೆಂದು ಬರೆದಿಟ್ಟದ್ದೇ ಸ್ಟಾರ್ಟಪ್ ಸ್ಕ್ರಿಪ್ಟ್: ನಮ್ಮ ಆ್ಯಪ್ ತುಂಬಿದ ಕಂಟೇನರ್ ತಾ, ಚಾಲೂ ಮಾಡು.

ಚಾಲೂ ಮಾಡುವ ಮೊದಲು ಒಂದು ನಿಮಿಷ ಕಾಯುವಂತೆ ಅಮರೇಶ ಬರೆದಿದ್ದ. ಅಷ್ಟು ಹೊತ್ತು ಪರದೆಯ ಮೇಲೆ ಒಂದು ಸಾಲು ನಿಂತಿರುತ್ತಿತ್ತು: ‘ತಡಿಲೇ, ಇನ್ನಾ ಎದ್ದಿಲ್ಲ.’

“ತೆಗಿಯಲೇ ಇದನ್ನ, ಟೈಮ್ ವೇಸ್ಟು” ಅಂದಿದ್ದೆ.

“ಅದು ಸರ್ವರಿಗೆ ಬರ್ದದ್ದಲ್ಲಲೇ, ನಿನಗ” ಎಂದು ನಕ್ಕಿದ್ದ.

ಒಂದು ಮಧ್ಯಾಹ್ನ ಸರ್ವರ್ ಬಿತ್ತು. ಅಮರೇಶ ಊರಿಗೆ ಹೋಗಿದ್ದ. ಪಾಸ್‌ವರ್ಡ್, ಸ್ಕ್ರಿಪ್ಟ್ ಎಲ್ಲ ಅವನ ಲ್ಯಾಪ್‌ಟಾಪಿನಲ್ಲಿ. ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ, “ಎಲ್ಲಿ ಸತ್ತೀಲೇ? ಲಗೂನ ಬಾ” ಅಂದೆ.

“ತಡಿಲೇ, ಮಸ್ಕಿ ದಾಟೀನಿ. ಗಾಡಿ ಹೊಡ್ಯಾಕತ್ತೀನಿ.”

ಮುಂದೆ ಸ್ವಲ್ಪ ದೂರದಲ್ಲೇ ಲಾರಿಗೆ ಬಡಿದು ಅಲ್ಲೇ ಜೀವ ಬಿಟ್ಟ. ಫೋನ್ ಕೈಯಲ್ಲೇ ಇತ್ತಂತೆ.

ಮಣ್ಣಾದ ಕೆಲವು ದಿನಕ್ಕೆ ಅವನ ಅಣ್ಣ ಲ್ಯಾಪ್‌ಟಾಪ್ ತಂದಿಟ್ಟ. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. “ತಗಾ, ಇದಕ್ಕ ಅಲ್ಲೇನು ಅಷ್ಟು ಅವಸರ ಮಾಡಿದ್ದು?” ಎಂದು ಹೋದ. ಅಷ್ಟರಲ್ಲಿ ಗೊರೇಬಾಳದ ರೈತನೊಬ್ಬನ ಫೋನು: “ಏನಪಾ, ನಿಮ್ಮ ಮಷೀನು ಮಕ್ಕೊಂಡೈತೇನು? ನೆಲ್ಲು ಒಣಗಾಕತ್ತೈತಿ, ನೀರಿನ ಸುದ್ದೀನ ಇಲ್ಲ!”

ಲ್ಯಾಪ್‌ಟಾಪಿನಿಂದ ಪಾಸ್‌ವರ್ಡ್ ಮಾತ್ರ ತೆಗೆದುಕೊಂಡೆ. ಅಮರೇಶನ ಸ್ಕ್ರಿಪ್ಟ್ ತೆರೆಯಲು ಮನಸ್ಸಾಗಲಿಲ್ಲ. ನಾನೇ ಹೊಸದು ಬರೆದೆ. ಹನ್ನೊಂದು ಸಾಲು. ಕಾಯುವ ಮಾತೇ ಅದರಲ್ಲಿ ಇರಲಿಲ್ಲ. ಎಂಟರ್ ಒತ್ತಿದೆ. ಸಾಲುಗಳು ಸರಸರ ಓಡಿ, ಚಾಲೂ ಆಗುವ ಹೊತ್ತಿಗೆ ನಿಂತುಬಿಟ್ಟವು. ಕೆಳಗೆ ಒಂದು ಸಾಲು ಮೂಡಿತು: ‘ತಡಿಲೇ, ಇನ್ನಾ ಎದ್ದಿಲ್ಲ.’

ಒಂದು ನಿಮಿಷ ಆದ ಮೇಲೆ ಆ್ಯಪ್ ಎದ್ದಿತು, ಗೊರೇಬಾಳಕ್ಕೆ ಸುದ್ದಿ ಹೋಯಿತು.

ನನ್ನ ಸ್ಕ್ರಿಪ್ಟಿನಲ್ಲಿ ಹುಡುಕಿದೆ, ಕಂಟೇನರ್ ಜಾಲಾಡಿದೆ. ಆ ಸಾಲು ಎಲ್ಲೂ ಇಲ್ಲ. ಪ್ರತಿ ಹೆಜ್ಜೆಯೂ ಸಮಯದ ಸಮೇತ ದಾಖಲಾಗುವ ಲಾಗ್ ತೆಗೆದು ನೋಡಿದರೆ ಅಲ್ಲೂ ಇಲ್ಲ. ಆದರೆ ಎರಡು ಸಾಲುಗಳ ನಡುವೆ ಸರಿಯಾಗಿ ಒಂದು ನಿಮಿಷ ಖಾಲಿ ಇದೆ. ನಾನು ಕಂಡದ್ದು ಭ್ರಮೆ ಎನ್ನೋಣ. ಆ ಒಂದು ನಿಮಿಷ ಸರ್ವರ್ ಯಾರಿಗಾಗಿ ಕಾಯಿತು?

ಆಮೇಲೆ ಎಷ್ಟೋ ಸರ್ವರ್‌ಗಳನ್ನು ಅಳಿಸಿದೆ, ಎಬ್ಬಿಸಿದೆ. ಕೆಲಸಕ್ಕಲ್ಲ, ಅದೊಂದು ಸಾಲಿಗಾಗಿ. ಬರಲಿಲ್ಲ. ಬರುವುದೂ ಇಲ್ಲ ಎಂದು ಗೊತ್ತು. ನಾನೇ ಬರೆದು ಸೇರಿಸಬಹುದು, ಎರಡು ನಿಮಿಷದ ಕೆಲಸ. ಸೇರಿಸಿಲ್ಲ. ಸೇರಿಸಿದರೆ ‘ತಡಿ’ ಎಂದವನು ನಾನಾಗುತ್ತೇನೆ. ಅನ್ನಬೇಕಾದ ದಿನ ನಾನು ಅನ್ನಲಿಲ್ಲ.