ತುಳಸಾಬಾಯಿ ಹೋಗದ ಟ್ರಿನಿಡಾಡ್

ಜಮಖಂಡಿಯ ಬ್ರಾಹ್ಮಣರ ಓಣಿಯಲ್ಲಿ ಮೂವತ್ತು ವರ್ಷಗಳಿಂದ ಹುಟ್ಟಿದ ಕೂಸುಗಳೆಲ್ಲ ಮೊದಲ ಎಣ್ಣೆನೀರು ಕಂಡದ್ದು ತುಳಸಾಬಾಯಿಯ ಕಾಲ ಮೇಲೆ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಕೂಸನ್ನು ಅವುಗಳ ಮೇಲೆ ಮಲಗಿಸಿಕೊಂಡು ಅವಳು ಎರೆಯುತ್ತಿದ್ದಳು. ಕೂಸು ಓಣಿಗೆಲ್ಲ ಕೇಳುವ ಹಾಗೆ ಅಳುತ್ತಿತ್ತು. ಆಮೇಲೆ ಮಧ್ಯಾಹ್ನದ ತನಕ ನಿದ್ದೆ ಹೊಡೆಯುತ್ತಿತ್ತು. ತುಳಸಾಬಾಯಿ ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡವಳು. ಮಕ್ಕಳಿಲ್ಲ. ಇದ್ದದ್ದು ಮೈದುನನ ಮನೆಯಲ್ಲಿ. ಮದುವೆ ಮುಂಜಿಗಳಲ್ಲಿ ಅವಳನ್ನು ಯಾರೂ ಮುಂದೆ ಕರೆಯುತ್ತಿರಲಿಲ್ಲ. ಬಾಣಂತಿಯ ಕೋಣೆಯಲ್ಲಿ ಮಾತ್ರ ಅವಳಿಲ್ಲದೆ ಏನೂ ನಡೆಯುತ್ತಿರಲಿಲ್ಲ.

ಸಂಸ್ಥಾನ ಹೋಗಿ ಊರು ಮುಂಬಯಿ ಪ್ರಾಂತಕ್ಕೆ ಸೇರಿದ ನಾಲ್ಕನೇ ವರ್ಷ, ಎದುರು ಮನೆಯ ನಾರಾಯಣರಾಯರಿಗೆ ಮಗ ಪ್ರಹ್ಲಾದನಿಂದ ಕಾಗದ ಬಂತು. ಅವನು ಸಮುದ್ರದಾಚೆ ಟ್ರಿನಿಡಾಡ್ ಎಂಬ ನಡುಗಡ್ಡೆಯಲ್ಲಿ ನಮ್ಮ ಸರ್ಕಾರದ ಕಚೇರಿಯಲ್ಲಿ ಕಾರಕೂನ. ಹೆಂಡತಿಗೆ ನಾಲ್ಕು ತಿಂಗಳು. ಬಾಣಂತನಕ್ಕೆ ತುಳಸಕ್ಕನನ್ನು ಕಳಿಸಿರಿ, ಹಡಗಿನ ಟಿಕೀಟು ನನ್ನದು, ಜೊತೆಗೆ ಕಚೇರಿಯವರ ಸಂಸಾರವೊಂದು ಬರುತ್ತದೆ ಎಂದು ಬರೆದಿದ್ದ.

“ಅಯ್ಯ, ಸಮುದ್ರ ದಾಟೂದಂದ್ರ ಏನ್ರಿ? ನಾ ಒಲ್ಲೆ,” ಎಂದಳು ತುಳಸಾಬಾಯಿ.

ಆ ಓಣಿಯಲ್ಲಿ ಊಟಕ್ಕೆ ಕರೆದರೂ ಮೊದಲು ಒಲ್ಲೆ ಎನ್ನುವುದೇ ರೀತಿ. ಕರೆದವರು ಎರಡು ಮೂರು ಸಲ ಆಗ್ರಹ ಮಾಡಬೇಕು, ಆಮೇಲೆ ಒಪ್ಪಬೇಕು. ತುಳಸಾಬಾಯಿ ಎರಡನೇ ಕರೆಗೆ ಕಾದಳು. ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ಒರೆಸಿಯೂ ಇಟ್ಟಳು. ಆದರೆ ಹಡಗಿನ ಟಿಕೀಟಿಗಾಗಿ ಮುಂಬಯಿಗೆ ತಾರು ಮಾಡುವ ಅವಸರದಲ್ಲಿದ್ದ ರಾಯರು ಅವಳ ಒಲ್ಲೆಯನ್ನು ಒಲ್ಲೆ ಎಂದೇ ತಿಳಿದರು. ಮರುದಿನ ಅವಳ ಮೈದುನನ ಹೆಂಡತಿ ವತ್ಸಲಾಬಾಯಿಯನ್ನು ಕೇಳಿದರು. ರಾಯರ ಮಾತು ಮುಗಿಯುವ ಮೊದಲೇ ಅವಳು ಹೂಂ ಅಂದಳು. ಅವಳ ಮಕ್ಕಳು ದೊಡ್ಡವರಾಗಿದ್ದರು. ಗಂಡನಿಗೆ ಬೇಯಿಸಿ ಹಾಕಲು ತುಳಸಾಬಾಯಿ ಇದ್ದೇ ಇದ್ದಳಲ್ಲ.

ಹನ್ನೊಂದು ತಿಂಗಳ ಮೇಲೆ ವತ್ಸಲಾಬಾಯಿ ತಿರುಗಿ ಬಂದಳು. ಸಂಜೆಯಾದರೆ ಕಟ್ಟೆಯ ಮೇಲೆ ಅವಳ ಸುತ್ತ ಹೆಂಗಸರು.

“ಸುಖಿಯಾ ಅಂತ ಒಬ್ಬಾಕಿ ಮುದುಕಿ, ಬಾಜೂ ಮನಿಯಾಕಿ. ಅಕಿ ಅಜ್ಜ ಕಬ್ಬು ಕಡೀಲಿಕ್ಕೆ ನಮ್ಮ ದೇಶದಿಂದ ಹೋದಾಂವಂತ. ನನ್ನ ಕೈ ಹಿಡಕೊಂಡು ಸಂತಿಗೆ ಒಯ್ದಳು, ಹಳ್ಯಾಗಿನ ತನ್ನ ಮಗಳ ಮನಿಗೆ ಒಯ್ದಳು. ಅವರ ಒಲಿ ಮುಂದ ಕೂತು ಉಂಡೆ. ರೊಟ್ಟಿ ಅಂದ್ರ ಇಷ್ಟಗಲ! ಅದನ್ನ ಬಡದು ಬಡದು ಹರಕ ಅರಿವಿ ಹಂಗ ಮಾಡಿ ತಿಂತಾರ.”

“ಮಡಿ?” ಎಂದಳು ತುಳಸಾಬಾಯಿ.

“ಮಡಿ ಹಡಗಿನಾಗ ಉಳೀತ್ರಿ ಅಕ್ಕಾ!”

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

“ಆರನೇ ದಿನ ನಮ್ಮಂಗ ಅಲ್ಲೂ ಕೂಸಿಗೆ ಸಟವಿ ಪೂಜಿ ಮಾಡ್ತಾರ. ಡೋಲಕ್ ಬಡಕೋತ ಎಲ್ಲಾರೂ ಕುಣದ್ರು. ವಿಧವಾ ಮುದುಕಿ ಸುಖಿಯಾನೂ ಕುಣದಳು! ನನ್ನೂ ಎಳಕೊಂಡ್ರು.”

ತುಳಸಾಬಾಯಿ ಮೊರದಲ್ಲಿ ಬೇಳೆ ಆರಿಸುತ್ತಿದ್ದಳು. ಹರಳಿನ ಜೊತೆ ಬೇಳೆಯನ್ನೂ ಓಣಿಗೆ ಎಸೆದಳು. ಆ ಕೂಸು ತನ್ನದಾಗಬೇಕಿತ್ತು, ಆ ಸಟವಿ ತನ್ನದಾಗಬೇಕಿತ್ತು. ವಿಧವೆ ಕುಣಿದಳಂತೆ. ಹಾಗಾದರೆ ತನ್ನನ್ನೂ ಯಾರೂ ಬೇಡ ಎನ್ನುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ರಾಯರ ಮಗಳು ಕುಮುದಿನಿ ತವರಿಗೆ ಬಂದು ಹೆಣ್ಣು ಹಡೆದಳು. ತುಳಸಾಬಾಯಿ ಕರೆಗೆ ಕಾದಳು. ಒಂದು ದಿನ, ಎರಡು ದಿನ. ನಾಲ್ಕನೇ ದಿನ ರಾಯರ ಹೆಂಡತಿ ಬಂದವಳು ಅವಳನ್ನು ದಾಟಿ ಒಳಗೆ ಹೋದಳು.

“ವತ್ಸಲಾಬಾಯಿ, ನಾಳೆ ನಮ್ಮ ಕೂಸಿಗೆ ನೀವ ಎರೀರಿ. ಪರದೇಶದಾಗ ಮಾಡಿ ಬಂದಾವ್ರು. ಪ್ರಹ್ಲಾದನ ಮಗ ಫೋಟೋದಾಗ ಹೆಂಗ ಮೈ ತುಂಬ್ಯಾನ!”

ಅಂದು ತುಳಸಾಬಾಯಿ ತಲೆನೋವೆಂದು ಮಲಗಿದಳು. ಇದ್ದ ಒಂದೇ ಜಾಗವೂ ಹೋಯಿತು. ನಾಳೆಯಿಂದ ತಾನು ಆ ಓಣಿಯಲ್ಲಿ ಯಾರು?

ಬೆಳಿಗ್ಗೆ ಬಜೆಬೇರು ಕೊಡುವ ನೆವ ಮಾಡಿಕೊಂಡು ರಾಯರ ಮನೆಗೆ ಹೋದಳು. ಬಚ್ಚಲಲ್ಲಿ ವತ್ಸಲಾಬಾಯಿ ಮಣೆಯ ಮೇಲೆ ಕೂತಿದ್ದಳು. ಕಾಲುಗಳ ನಡುವೆ ಗೇಣು ಜಾಗ. ಕೂಸು ಅದರೊಳಗೆ ಜಾರುತ್ತಿತ್ತು. ಈ ಕಾಲುಗಳು ಹನ್ನೊಂದು ತಿಂಗಳಲ್ಲಿ ಒಂದು ದಿನವೂ ಕೂಸಿಗೆ ಎರೆದಿಲ್ಲ ಎಂದು ತುಳಸಾಬಾಯಿಗೆ ನೋಡಿದೊಡನೆ ತಿಳಿಯಿತು.

“ವತ್ಸಲಾ, ಅಲ್ಲಿ ಯಾರು ಎರೀತಿದ್ರು?”

ವತ್ಸಲಾಬಾಯಿಯ ಮುಖ ಸಣ್ಣದಾಯಿತು. “ಸುಖಿಯಾ,” ಎಂದು ಪಿಸುಗುಟ್ಟಿದಳು. “ಕೂಸು ನನ್ನ ಕೈಯಾಗ ಕೊಡ, ನೀ ಆರಾಮ ಕೂಡ ಅಂದಳ್ರಿ. ಹೇಳಬ್ಯಾಡ್ರಿ ಅಕ್ಕಾ, ನಿಮ್ಮ ಕಾಲ ಬೀಳ್ತೇನಿ.”

“ಏನಾತ್ರಿ?” ಹೊರಗಿನಿಂದ ರಾಯರ ಹೆಂಡತಿ ಕೂಗಿದಳು. “ಕೂಸಿನ ದನೀನ ಇಲ್ಲ?”

ಹೇಳಿದರೆ ಒಂದೇ ಮಾತು. ಸಂಜೆ ವತ್ಸಲಾಬಾಯಿಯ ಸುತ್ತ ತುಂಬುತ್ತಿದ್ದ ಕಟ್ಟೆ ಆ ಮಾತಿಗೆ ಖಾಲಿಯಾಗುತ್ತಿತ್ತು. ತುಳಸಾಬಾಯಿ ಬಾಯಿ ತೆರೆದಳು. ಅಷ್ಟರಲ್ಲಿ ಕೂಸು ಇನ್ನಷ್ಟು ಜಾರಿತು.

“ಏಳ, ಏಳ ಮೊದಲ,” ಎಂದು ಸೀರೆ ಮೇಲಕ್ಕೆ ಸಿಕ್ಕಿಸಿ ತಾನೇ ಕೂತಳು. ಯಾರಾದರೂ ಕರೆಯಲಿ ಎಂದು ಕಾಯಲಿಲ್ಲ. ಒಂದು ತಂಬಿಗೆ ಬೀಳುತ್ತಲೇ ಕೂಸು ಕಿರುಚಿತು. ರಾಯರ ಹೆಂಡತಿ ಬಾಗಿಲಿಗೆ ಬಂದು ನೋಡಿ, “ಹಿಂಗ ಅಳಬೇಕು! ನಾಳಿಂದ ನೀವ ಬರ್ರಿ ತುಳಸಕ್ಕ,” ಎಂದಳು.

“ಅಕಿಗೆ ಇಲ್ಲೀ ರೂಢಿ ತಪ್ಪೇದ,” ಎಂದಷ್ಟೇ ಹೇಳಿದಳು ತುಳಸಾಬಾಯಿ.

ಮನೆಗೆ ಬರುವಾಗ ವತ್ಸಲಾಬಾಯಿ ತಲೆ ತಗ್ಗಿಸಿ ಹಿಂದೆ ಬರುತ್ತಿದ್ದಳು. ಹೋದ ಜಾಗ ಬಂದಿತ್ತು. ಆದರೂ ತುಳಸಾಬಾಯಿಯ ಹೊಟ್ಟೆಯ ಉರಿ ಆರಲಿಲ್ಲ; ಈಗ ಅದು ಕಾಣದ ಮುದುಕಿಯೊಬ್ಬಳ ಕಡೆಗೆ ತಿರುಗಿತ್ತು.

“ಅಕಿ ಕಾಲು ಹೆಂಗ ಇಡ್ತಿದ್ದಳು?”

“ಲಕ್ಷ್ಯ ಇಡಲಿಲ್ರಿ.”

“ನೆತ್ತಿಗೆ ಏನು ಹಚ್ತಿದ್ದಳು?”

“ಏನೋ ಎಣ್ಣಿ.”

“ಏನ ನೋಡಿ ಬಂದಿ ನೀ ಅಷ್ಟು ದೂರ ಹೋಗಿ? ಅಕಿ ಎರದ್ರ ಕೂಸು ಛಲೋ ಅಳ್ತಿತ್ತೇನು?”

“ಇಲ್ರಿ,” ಎಂದಳು ವತ್ಸಲಾಬಾಯಿ. “ಅಕಿ ಹಾಡ್ತಿದ್ದಳು. ಅದು ನಗ್ತಿತ್ತು.”

“ಸುಳ್ಳ.”

ಮರುದಿನ ತುಳಸಾಬಾಯಿ ತಂಬಿಗೆಯನ್ನು ತೀರ ಕೆಳಗೆ ಹಿಡಿದು ಎರೆದಳು. ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ತಿಳಿದ ಮೇಲೆ, ಮೆಲ್ಲಗೆ ಏನೋ ಹಾಡಿದಳು. ಕೂಸು ಕಣ್ಣು ಬಿಟ್ಟು ಅವಳನ್ನೇ ನೋಡಿತು. ಆಮೇಲೆ ಎಂದಿನಂತೆ ಅತ್ತಿತು.